ಕಾಮಿಡಿ ಸೆಕ್ಷನ್ನಿನ ಇನ್‌ಸ್ಪೆಕ್ಟರು

“ನೀವು ಯಾವ ಸೆಕ್ಷನ್ನು?” ಎಂದು ಆ ಹಿರಿಯರು ಕೇಳಿದಾಗ ನಾನೂ ಫರ್ಹಾನನೂ ಮುಖ ಮುಖ ನೋಡಿಕೊಂಡೆವು.

ಬ್ಯಾಟರಾಯನಪುರದ ಹಳೇ ಊರಿನ ಗಲ್ಲಿ. ಮನೆಯ ಮುಂದೆ ಶಾಮಿಯಾನ, ಬಾಡಿಗೆ ಕುರ್ಚಿಗಳು. ಒಳಗೆ ನಡುಮನೆಯಲ್ಲಿ, ನಾವು ಇನ್‌ಸ್ಪೆಕ್ಟರ್ ಸಾರ್ ಎನ್ನುತ್ತಿದ್ದ ಅವರ ದೇಹವನ್ನು ಮಲಗಿಸಿದ್ದರು. ಹೊರಗೆ ಕೂತಿದ್ದವರಲ್ಲಿ ಹೆಚ್ಚಿನವರು ಅವರ ಜೊತೆ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿದ್ದರೂ ಅವರೆಲ್ಲ ಇನ್ನೂ ಸೆಕ್ಷನ್ನುಗಳಾಗಿಯೇ ಗುಂಪುಗೂಡಿ ಕೂತಿದ್ದರು. ಟೂಲ್ ರೂಮಿನವರು ಒಂದು ಕಡೆ, ಅಸೆಂಬ್ಲಿಯವರು ಇನ್ನೊಂದು ಕಡೆ. ನಡುವೆ ನಾವಿಬ್ಬರು: ನಲವತ್ತು ದಾಟಿದ ಒಬ್ಬ ಹೆಂಗಸು, ಕಿವಿಗೆ ರಿಂಗು ಹಾಕಿಕೊಂಡ ಒಬ್ಬ ಹುಡುಗ. ಯಾರಿಗಾದರೂ ಅನುಮಾನ ಬರುವಂಥದ್ದೇ.

“ಕಾಮಿಡಿ ಸೆಕ್ಷನ್ ಅಂಕಲ್,” ಎಂದ ಫರ್ಹಾನ್.

ಹಿರಿಯರಿಗೆ ಕಿವಿ ಸ್ವಲ್ಪ ಮಂದ. “ಕೆಮಿಕಲ್ ಸೆಕ್ಷನ್ನಾ? ಅದು ಎಲ್ಲಕ್ಕಿಂತ ಮುಂಚೇನೇ ಮುಚ್ಚೋಯ್ತಲ್ಲಪ್ಪ,” ಎಂದರು. ಆಮೇಲೆ ನಮ್ಮನ್ನೂ ತಮ್ಮವರೆಂದು ಎಣಿಸಿ ಹೇಳತೊಡಗಿದರು. “ಮಾಲು ತಗೊಂಡು ಇವ್ರ ಟೇಬಲ್ ಹತ್ರ ಹೋಗೋಕೆ ಮುಂಚೆ ನಾವೇ ಎರಡು ಸಲ ಅಳೀತಿದ್ವಿ. ಒಂದೇ ಮಾತು. ಇಲ್ಲ. ಆಗಲ್ಲ. ತಗೊಂಡೋಗು. ಒಂದಿನ ನಕ್ಕಿದ್ದು ನಾನು ನೋಡಿಲ್ಲ. ಆದ್ರೆ ಮನುಷ್ಯ ಚಿನ್ನ.”

ನಾವು ತಲೆಯಾಡಿಸಿದೆವು. ಅವರು ನಗಿಸಿದ್ದನ್ನು ನಾವು ನೋಡಿದ್ದೆವು. ಅದನ್ನು ಹೇಳಲು ಅದು ಜಾಗವಾಗಿರಲಿಲ್ಲ. ಹಾಗಾಗಿ ಇಲ್ಲಿ ಹೇಳುತ್ತಿದ್ದೇನೆ. ಅವರ ಇಡೀ ಬದುಕು ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವುದು ಕೆಲವು ಭಾನುವಾರದ ಬೆಳಗುಗಳು ಮತ್ತು ಒಂದು ಬುಧವಾರದ ಮಧ್ಯಾಹ್ನ, ಅಷ್ಟೇ.

ನಾನು ಹಲ್ಲಿನ ಡಾಕ್ಟರು. ಅಟ್ಟೂರಿನಲ್ಲಿ ನನ್ನದೊಂದು ಚಿಕ್ಕ ಕ್ಲಿನಿಕ್ ಇದೆ. ಬಾಯ್ತುಂಬ ಹತ್ತಿ, ಪೈಪು ತುರುಕಿಸಿಕೊಂಡು ಮಲಗಿರುವವರನ್ನು “ಹೇಗಿದೀರಾ, ಮಗಳ ಮದುವೆ ಆಯ್ತಾ” ಎಂದು ಕೇಳಿ ಉತ್ತರವನ್ನೂ ನಾನೇ ಹೇಳಿಕೊಳ್ಳುವುದು ನನ್ನ ವೃತ್ತಿಯ ಸುಖ. ಈ ಸುಖ ಮನೆಗೂ ಹಬ್ಬಿತ್ತು. ಒಂದು ದಿನ ಮಗಳು, “ಅಮ್ಮಾ, ನಿಂಗೆ ಎದುರುಗಡೆಯೋರು ಬಾಯಿ ತೆಗೆದ್ರೆ ಹಲ್ಲು ಮಾತ್ರ ಕಾಣ್ಸುತ್ತೆ, ಮಾತು ಕೇಳ್ಸಲ್ಲ,” ಎಂದು ಹೇಳಿ ಯಲಹಂಕ ನ್ಯೂ ಟೌನಿನ ಒಂದು ತರಗತಿಗೆ ನನ್ನ ಹೆಸರು ಬರೆಸಿಬಿಟ್ಟಳು. ಇಂಪ್ರೋವ್ ತರಗತಿ. ಅಂದರೆ ಬರೆದ ಮಾತಿಲ್ಲದೆ, ತಾಲೀಮಿಲ್ಲದೆ, ನಿಂತ ನಿಲುವಿನಲ್ಲೇ ಇಬ್ಬರು ಸೇರಿ ನಾಟಕ ಕಟ್ಟುವುದು. ಅದರಿಂದ ನಗು ಹುಟ್ಟಿದರೆ ಪುಣ್ಯ.

ಬೇಕರಿಯೊಂದರ ಮೇಲಿನ ಮಹಡಿಯ ಹಾಲ್ ಅದು. ಉಳಿದ ದಿನಗಳಲ್ಲಿ ಅಲ್ಲಿ ಭರತನಾಟ್ಯ, ಭಾನುವಾರ ಬೆಳಿಗ್ಗೆ ನಾವು. ಕೆಳಗಿನಿಂದ ದಿಲ್‌ಪಸಂದ್ ಬೇಯುವ ವಾಸನೆ ಬಂದು ಎಲ್ಲರಿಗೂ ಹಸಿವಾಗುತ್ತಿತ್ತು. ಕಲಿಸುವವಳು ನಿಧಿ, ಮೂವತ್ತೂ ಆಗಿರದ ಹುಡುಗಿ. ಬರಿಗಾಲಲ್ಲಿ ಓಡಾಡಿಕೊಂಡು ಎಲ್ಲದಕ್ಕೂ “ಸೂಪರ್!” ಅನ್ನುತ್ತಿದ್ದಳು. ಕಲಿಯುವವರಲ್ಲಿ ಹೆಚ್ಚಿನವರು ಫರ್ಹಾನನ ವಯಸ್ಸಿನವರು. ಫರ್ಹಾನ್ ಆರ್.ಟಿ. ನಗರದವನು, ಯಾವುದೋ ಕಂಪನಿಯಲ್ಲಿ ಸಾಫ್ಟ್‌ವೇರ್ ಪರೀಕ್ಷೆ ಮಾಡುವವನು, ಮುಂದೆ ದೊಡ್ಡ ಹಾಸ್ಯನಟನಾಗುವ ಕನಸಿನವನು.

ಮೊದಲ ದಿನ ಎಲ್ಲರೂ ಪರಿಚಯ ಹೇಳಿಕೊಳ್ಳುತ್ತಿದ್ದಾಗ ಮೂಲೆಯಲ್ಲಿ ಇಸ್ತ್ರಿ ಮಾಡಿದ ಪ್ಯಾಂಟು, ಒಳಗೆ ಸಿಕ್ಕಿಸಿದ ಅಂಗಿ, ಜೇಬಿನಲ್ಲಿ ಪೆನ್ನು, ಎಪ್ಪತ್ತರ ಹತ್ತಿರದ ಒಬ್ಬರು ಎದ್ದು ನಿಂತರು.

“ಇನ್‌ಸ್ಪೆಕ್ಟ್ರಾಗಿದ್ದೆ. ರಿಟೇರ್ ಆಗೈತೆ.”

ಅಷ್ಟೇ. ಕೂತರು. ನಾವೆಲ್ಲ ಪೊಲೀಸ್ ಅಂದುಕೊಂಡೆವು. ಹೆಲ್ಮೆಟ್ಟಿಲ್ಲದೆ ಬಂದಿದ್ದ ಫರ್ಹಾನ್ ಅವತ್ತು ಅವರು ಹೊರಟು ಹೋಗುವವರೆಗೆ ಬೈಕಿನ ಹತ್ತಿರ ಸುಳಿಯಲಿಲ್ಲ. ಅವರು ಇನ್‌ಸ್ಪೆಕ್ಟರಾಗಿದ್ದದ್ದು ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ, ಕೆಟ್ಟ ಬಿಡಿಭಾಗಗಳಿಗೆ ಕೆಂಪು ಬಣ್ಣ ಬಳಿದು ಬದಿಗೆ ಹಾಕುವ ಕೆಲಸದಲ್ಲಿ, ಎಂದು ತಿಳಿಯುವ ಹೊತ್ತಿಗೆ ಇನ್‌ಸ್ಪೆಕ್ಟರ್ ಸಾರ್ ಎಂಬ ಹೆಸರು ಅಂಟಿಯಾಗಿತ್ತು.

ಆ ದಿನದ ಮೊದಲ ಆಟ ಉಡುಗೊರೆಯದು. ಒಬ್ಬರು ಇಲ್ಲದ ಪೆಟ್ಟಿಗೆಯೊಂದನ್ನು ಇನ್ನೊಬ್ಬರಿಗೆ ಕೊಡಬೇಕು. ತೆಗೆದುಕೊಂಡವರು ಅದನ್ನು ಬಿಚ್ಚಿ, ಒಳಗೇನಿದೆ ಎಂದು ಮನಸ್ಸಿಗೆ ತೋಚಿದ್ದನ್ನು ಹೇಳಿ ಸಂತೋಷಪಡಬೇಕು. ನನಗೆ ಆನೆಮರಿ ಸಿಕ್ಕಿತು. ಫರ್ಹಾನನಿಗೆ ಅವನ ಬಾಸಿನ ವಿಗ್ಗು. ನಿಧಿ ಎರಡೂ ಕೈ ಚಾಚಿ ಭಾರವಾದದ್ದನ್ನು ಹೊತ್ತವಳಂತೆ ಬಂದು ಇನ್‌ಸ್ಪೆಕ್ಟರ್ ಸಾರ್ ಮುಂದೆ ನಿಂತಳು. ಅವರು ತೆಗೆದುಕೊಂಡರು. ಬಿಚ್ಚುವಂತೆ ಬೆರಳಾಡಿಸಿದರು. ಬಗ್ಗಿ ಒಳಗೆ ನೋಡಿದರು. ಇನ್ನೊಮ್ಮೆ ನೋಡಿದರು.

“ಖಾಲಿ ಐತೆ ಕಣಮ್ಮ,” ಎಂದರು.

ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಅವರು ಮಾತ್ರ ನಗಲಿಲ್ಲ. ಅವರು ತಮಾಷೆ ಮಾಡಿರಲಿಲ್ಲ.

ಈ ವಿದ್ಯೆಗೆ ಒಂದೇ ಒಂದು ಮೂಲಮಂತ್ರ. ಎದುರಿನವರು ಏನು ಹೇಳಿದರೂ ‘ಹೌದು’ ಅನ್ನಬೇಕು, ‘ಮತ್ತೆ’ ಎಂದು ಅದಕ್ಕೆ ನಿಮ್ಮದೊಂದು ಸೇರಿಸಬೇಕು. ಅವರು ಇಟ್ಟ ಇಟ್ಟಿಗೆಯ ಮೇಲೆ ನಿಮ್ಮ ಇಟ್ಟಿಗೆ. ‘ಇಲ್ಲ’ ಅಂದರೆ ಗೋಡೆ ಅಲ್ಲೇ ಬಿತ್ತು. ಇನ್‌ಸ್ಪೆಕ್ಟರ್ ಸಾರ್ ಮುಂದೆ ಎಷ್ಟು ಗೋಡೆಗಳು ಬಿದ್ದವೋ ಲೆಕ್ಕವಿಲ್ಲ.

“ಕ್ಯಾಪ್ಟನ್, ನಾವು ಚಂದ್ರನ ಮೇಲೆ ಇಳಿದ್ವಿ!” ಎಂದು ಫರ್ಹಾನ್ ತೇಲಾಡುತ್ತ ಬರುತ್ತಿದ್ದ.

“ಇಲ್ಲ. ಇದು ಯಲಹಂಕ.”

“ಡಾಕ್ಟ್ರೇ, ನನ್ನ ಗಂಡ ಕಪ್ಪೆ ಆಗ್ಬಿಟ್ಟಿದಾರೆ,” ಎಂದು ನಾನು ಅಂಗೈ ಚಾಚುತ್ತಿದ್ದೆ.

“ನಾನು ಡಾಕ್ಟ್ರಲ್ಲ. ನೀವೇ ಡಾಕ್ಟ್ರು.”

ಅವರು ಹುಟ್ಟಿ ಬೆಳೆದದ್ದು ಬ್ಯಾಟರಾಯನಪುರ ಇನ್ನೂ ರಾಗಿ ಹೊಲಗಳ ನಡುವಿನ ಹಳ್ಳಿಯಾಗಿದ್ದಾಗ. ಅವರ ಬಾಯಲ್ಲಿ ಹಕಾರವೇ ಇರಲಿಲ್ಲ. ಹೋಗು ಅನ್ನುವುದು ಓಗು, ಹಿಂಗೆ ಅನ್ನುವುದು ಇಂಗೆ. ಮಂತ್ರದ ‘ಹೌದು’ ಅವರಲ್ಲಿ ‘ಔದು’ ಆಗುತ್ತಿತ್ತು. ಆದರೆ ಆ ಔದು ಬಾಯಿಂದ ಹೊರಡುವುದೇ ಕಷ್ಟವಿತ್ತು. ಮೂರನೆಯದೋ ನಾಲ್ಕನೆಯದೋ ಭಾನುವಾರ ಕೈ ಎತ್ತಿ ನಿಂತರು.

“ಒಂದ್ ಡೌಟು. ಎದ್ರುಗಡೆಯವ್ರು ಏಳಿದ್ದು ತಪ್ಪು ಅಂತ ಗೊತ್ತಿದ್ರೂ ಔದು ಅನ್ಬೇಕಾ?”

“ಇಲ್ಲಿ ತಪ್ಪು ಅನ್ನೋದೇ ಇಲ್ಲ ಸಾರ್,” ಎಂದಳು ನಿಧಿ.

“ಅದೆಂಗಾಯ್ತದೆ? ತಪ್ಪು ಅನ್ನೋದು ಇಲ್ದಿದ್ರೆ ಸರಿ ಅನ್ನೋದು ಎಲ್ಲಿಂದ ಬತ್ತದೆ?”

ನಿಧಿ ತಲೆ ಕೆರೆದುಕೊಂಡಳು. ಅವರಿಗೆ ಅದು ವಾದವಾಗಿರಲಿಲ್ಲ, ನಿಜವಾದ ಸಂಕಟವಾಗಿತ್ತು. ಅವತ್ತು ಮೆಟ್ಟಿಲಿಳಿಯುವಾಗಲೂ ಅವರ ಹುಬ್ಬು ಗಂಟಿಕ್ಕಿಯೇ ಇತ್ತು.

ಸುಲಭದ ಮನುಷ್ಯರೇನಲ್ಲ. ಎಲ್ಲರಿಗಿಂತ ಮುಂಚೆ ಬಂದು ಕುರ್ಚಿಗಳನ್ನು ಸಾಲಾಗಿ ಇಡುತ್ತಿದ್ದರು. ಇಡುವ ಮುಂಚೆ ಒಂದೊಂದನ್ನೂ ಅಲ್ಲಾಡಿಸಿ ನೋಡಿ, ಕಾಲು ಸಡಿಲವಿದ್ದದ್ದನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಿದ್ದರು, ಶಿಕ್ಷೆ ಕೊಟ್ಟ ಹಾಗೆ. ಫರ್ಹಾನ್ ಒಂದು ಜೋಕು ಹೇಳಿ ಮುಖ ನೋಡಿದರೆ, “ಇದು ಪಾಸಾಗಲ್ಲ ಕಣಪ್ಪ,” ಎನ್ನುತ್ತಿದ್ದರು. ನಿಧಿಗೆ ಒಮ್ಮೆ, “ನೀವು ಇವತ್ತು ಏಳಿದ್ದು ಓದ್ವಾರ ಏಳಿದ್ದಕ್ಕೆ ತಾಳೆ ಆಯ್ತಿಲ್ಲ,” ಎಂದು ಎಲ್ಲರೆದುರು ಹೇಳಿದಾಗ ಅವಳ ಮುಖ ಸಣ್ಣದಾಗಿತ್ತು. ಇಷ್ಟೆಲ್ಲ ಬೇಡವೆನ್ನುವವರು ಯಾಕೆ ಬರುತ್ತಾರೆ ಎಂದು ನಮ್ಮಲ್ಲೇ ಮಾತಾಡಿಕೊಂಡೆವು. ಆದರೆ ಒಂದು ಭಾನುವಾರವೂ ತಪ್ಪಿಸುತ್ತಿರಲಿಲ್ಲ. ಕೆಳಗೆ ಬೇಕರಿಯಲ್ಲಿ ಟೀ ಕುಡಿಯುವಾಗ ನಾನೇ ಕೇಳಿದೆ.

“ಸಾರ್, ನೀವು ಇದನ್ನ ಯಾಕೆ ಕಲೀತಿದೀರಾ?”

“ಕೆಳ್ಗೆ ಬೋರ್ಡ್ ಆಕಿದ್ರಲ್ಲ. ‘ಔದು ಅನ್ನಲು ಕಲಿಯಿರಿ’ ಅಂತ. ಅದ್ಕೆ ಬಂದೆ.”

“ಆದ್ರೂ?”

“ಮನೇಲಿ ಬೇಕಾಗೈತೆ,” ಎಂದು ಟೀ ಲೋಟ ಕೆಳಗಿಟ್ಟು ಎದ್ದುಬಿಟ್ಟರು. ಮೊಮ್ಮಗುವನ್ನು ಆಡಿಸಲು ಇರಬೇಕು ಎಂದುಕೊಂಡೆ.

ನಿಧಾನವಾಗಿ ಅವರು ‘ಇಲ್ಲ’ದಿಂದ ‘ಔದು, ಆದ್ರೆ’ಗೆ ಬಂದರು. ಹೊಸದಾಗಿ ಕಲಿಯುವವರೆಲ್ಲ ದಾಟುವ ಮೆಟ್ಟಿಲಂತೆ ಅದು. ಒಮ್ಮೆ ನಾನೂ ಅವರೂ ಹೆಬ್ಬಾಳದ ಫ್ಲೈಓವರ್ ಮೇಲೆ ಸಿಕ್ಕಿಕೊಂಡ ಬಸ್ಸಿನಲ್ಲಿದ್ದೆವು. ಅವರು ಕಂಡಕ್ಟರು.

“ಕಂಡಕ್ಟ್ರೇ, ನನಗೊಂದು, ನನ್ನ ಆನೆಗೊಂದು ಟಿಕೆಟ್ ಕೊಡಿ.”

ಅವರು ನನ್ನನ್ನು ನೋಡಿದರು. ನನ್ನ ಪಕ್ಕದ ಖಾಲಿ ಜಾಗವನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

“ಔದು. ಕೊಡ್ತೀನಿ. ಆದ್ರೆ ಆನೆ ನಿಂತ್ಕಂಡೇ ಬರ್ಬೇಕು. ಲೇಡೀಸ್ ಸೀಟಲ್ಲಿ ಕೂರಂಗಿಲ್ಲ.”

“ಇದು ಹೆಣ್ಣಾನೆ ಕಣ್ರೀ!”

ಅವರು ಬಗ್ಗಿ, ನಿಜವಾಗಿ ಬಗ್ಗಿ, ಪರೀಕ್ಷಿಸಿದರು. “ಪಾಸು,” ಎಂದರು.

ಆ ಒಂದು ಪದಕ್ಕೆ ಬಿದ್ದ ನಗು ಬೇಕರಿಯವನಿಗೂ ಕೇಳಿಸಿತಂತೆ. ನಿಧಿ ಓಡಿ ಬಂದು, “ಸಾರ್, ಅದು ‘ಆದ್ರೆ’ ಅಲ್ಲ, ‘ಮತ್ತೆ’! ನೀವು ಮತ್ತೆ ಅಂದ್ರಿ!” ಎಂದು ಕುಣಿದಳು. ಅವರಿಗೆ ತಾವೇನು ಮಾಡಿದೆವೆಂದೇ ತಿಳಿಯಲಿಲ್ಲ. “ಚೆಕ್ ಮಾಡ್ಬೇಕಲ್ಲ?” ಎಂದು ನನ್ನನ್ನು ಕೇಳಿದರು. ಫರ್ಹಾನ್ ವಾರಗಟ್ಟಲೆ ಯೋಚಿಸಿ ತಂದ ಜೋಕುಗಳಿಗೆ ಬಾರದ ನಗು ಇವರ ಗಂಭೀರ ಮುಖಕ್ಕೆ ಬರುತ್ತಿತ್ತು. ಅವನಿಗೆ ಹೊಟ್ಟೆಕಿಚ್ಚಾಗಿ, ಆಮೇಲೆ ಅದೇ ಪ್ರೀತಿಯಾಗಿ, ಅವರನ್ನು ಬೈಕಿನಲ್ಲಿ ಮನೆಗೆ ಬಿಡತೊಡಗಿದ. ಹೆಲ್ಮೆಟ್ ಹಾಕಿಕೊಂಡು.

ಆ ಬುಧವಾರ ಮಧ್ಯಾಹ್ನ ನಾನು ಊಟಕ್ಕೆ ಏಳುತ್ತಿದ್ದಾಗ ಕ್ಲಿನಿಕ್ಕಿನ ಬಾಗಿಲು ತೆರೆದು ಅವರು ಒಳಗೆ ಬಂದರು. ಕೈಯಲ್ಲಿ ಹೆಂಡತಿಯ ಕೈ ಹಿಡಿದಿದ್ದರು. ಸಣ್ಣ ಮೈಯ ಹೆಂಗಸು, ಎಡಗೆನ್ನೆ ಊದಿತ್ತು. ತಲೆಯಲ್ಲಿ ಕನಕಾಂಬರ ಓರೆಯಾಗಿ ಕೂತಿತ್ತು. ಮುಡಿಸಿದ ಕೈ ಯಾರದೆಂದು ನೋಡಿದರೇ ತಿಳಿಯುತ್ತಿತ್ತು.

“ಡಾಕ್ಟ್ರಮ್ಮ, ಮೂರ್ನಾಕು ದಿವ್ಸದಿಂದ ಇವ್ಳು ಏನೂ ತಿಂದಿಲ್ಲ. ಜ್ವರ ಬಂದೈತೆ. ಬೇರೆ ಕಡೆ ಕರ್ಕಂಡೋಗಿದ್ದೆ, ಬಾಯೇ ತೆಗೀಲಿಲ್ಲ, ಕಿರ್ಚಾಡ್ಬುಟ್ಲು. ಅವ್ರು ಆಗಲ್ಲ ಅಂದ್ರು.” ಆಮೇಲೆ ದನಿ ತಗ್ಗಿಸಿ ಸೇರಿಸಿದರು, “ಇವ್ಳಿಗೆ ಮರೆವಿನ ಕಾಯ್ಲೆ. ನಿಮ್ಗೆ ಏಳಿರ್ಲಿಲ್ಲ.”

ಕುರ್ಚಿಯಲ್ಲಿ ಕೂರಿಸಿದೆವು. ಆಕೆ ನನ್ನ ಬಿಳಿ ಕೋಟನ್ನು, ಮೇಲಿನ ದೀಪವನ್ನು, ತಟ್ಟೆಯಲ್ಲಿದ್ದ ಸಾಮಾನುಗಳನ್ನು ನೋಡಿದರು.

“ಟೈಲರಮ್ಮ ಇವ್ಳೇನಾ? ಬಟ್ಟೆ ಕೊಟ್ಟು ಬೋ ದಿವ್ಸ ಆಯ್ತಲ್ಲವ್ವ. ಇನ್ನೂ ಒಲ್ದಿಲ್ವಾ ನನ್ ರವಿಕೆ?”

“ಇಲ್ಲ ಕಣೇ,” ಎಂದರು ಇನ್‌ಸ್ಪೆಕ್ಟರ್ ಸಾರ್ ತಟ್ಟನೆ. “ಇವ್ರು ಟೈಲರಲ್ಲ. ಅಲ್ಲಿನ ಡಾಕ್ಟ್ರು. ನಿಂಗೆ ಅಲ್ಲು ನೋವು.”

ಆಕೆಯ ಕಣ್ಣು ದೊಡ್ಡದಾಯಿತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. “ಬ್ಯಾಡ, ಬ್ಯಾಡ! ನಾನ್ ಓಯ್ತೀನಿ. ಚಿಕ್ಕಜಾಲಕ್ಕೆ ಓಯ್ತೀನಿ. ನಮ್ಮವ್ವ ಕಾಯ್ತಾ ಕೂತವ್ಳೆ.”

“ನಿಮ್ಮವ್ವ ಎಲ್ಲವ್ಳೇ, ಅವ್ಳು ಸತ್ತು…”

ಅಲ್ಲಿಗೆ ನಿಲ್ಲಿಸಿದರು. ಆಕೆಯ ಮುಖ ಮುದುಡತೊಡಗಿತ್ತು. ಅವರು ನನ್ನ ಕಡೆ ತಿರುಗಿದರು. ಹಾಲಿನಲ್ಲಿ ಮುಂದೇನು ಮಾಡಬೇಕೆಂದು ತಿಳಿಯದೆ ನಿಲ್ಲುವಾಗಿನ ಅದೇ ಮುಖ, ಆದರೆ ಹಾಲಿನಲ್ಲಿ ಹಣೆ ಹೀಗೆ ಬೆವೆತದ್ದನ್ನು ನೋಡಿರಲಿಲ್ಲ. ಗಂಟಲು ಸರಿಮಾಡಿಕೊಂಡರು.

“ಔದು,” ಎಂದರು.

ಆಕೆ ನೋಡಿದರು.

“ಔದು ಕಣೇ. ಟೈಲರಮ್ಮನೇ. ನಾನೇ ಮರ್ತಿದ್ದೆ. ರವಿಕೆ ಒಲ್ಯಕ್ಕೆ ಅಳ್ತೆ ಬೇಕಂತೆ.” ಒಂದು ಕ್ಷಣ ತಡೆದರು. “ಬಾಯಿ ಅಳ್ತೆ.”

“ರವಿಕೆಗೆ ಬಾಯಿ ಅಳ್ತೆ ಯಾಕೆ?”

ನ್ಯಾಯವಾದ ಪ್ರಶ್ನೆ. ಅವರು ಮತ್ತೆ ನನ್ನನ್ನು ನೋಡಿದರು. ಅಷ್ಟು ತಿಂಗಳು ಆ ಹಾಲಿನಲ್ಲಿ ನಾನು ಚುರುಕಾದ ಮಾತುಗಳಿಗಾಗಿ ಹುಡುಕಾಡಿದವಳು. ಈಗ ಯಾವ ಚುರುಕೂ ಬರಲಿಲ್ಲ. ಆಕೆ ಕೇಳಿದ್ದು ಮಾತ್ರ ಕಿವಿಯಲ್ಲಿತ್ತು.

“ಹೊಸ ಫ್ಯಾಷನ್ನಮ್ಮ,” ಎಂದೆ. “ಬಾಯಿ ಎಷ್ಟು ತೆಗೀತೀರೋ ಕತ್ತು ಅಷ್ಟು ಅಗಲ ಇಡೋದು. ಯಾವ ಬಣ್ಣದ ರವಿಕೆ?”

“ಗಿಳಿ ಅಸ್ರು,” ಎಂದರು ಆಕೆ ಕೈ ಕೆಳಗಿಳಿಸಿ. “ನಮ್ಮಣ್ಣನ ಮದ್ವೆಗೆ. ಕತ್ತು ಬೋ ಅಗ್ಲ ಬ್ಯಾಡ ಕಣವ್ವ, ಇವ್ರು ಬೈತಾರೆ.”

“ಬೈಯಲ್ಲ ಕಣೇ,” ಎಂದರು ಅವರು. “ನಿಂಗೆಂಗೆ ಬೇಕೋ ಅಂಗೆ ಒಲ್ಸ್ಕೋ.”

ಆಕೆ ಬಾಯಿ ತೆಗೆದರು. ಕೆಳದವಡೆಯ ಕೊನೆಯ ಹಲ್ಲಿನ ಬುಡದಲ್ಲಿ ಕೀವು ಕಟ್ಟಿತ್ತು. ಅದನ್ನು ಅವತ್ತೇ ಹೊರಬಿಡದೆ ವಿಧಿಯಿರಲಿಲ್ಲ. ಗುಂಡುಪಿನ್ನು ಸ್ವಲ್ಪ ಚುಚ್ಚುತ್ತೆ ಎಂದು ಹೇಳಿ ಮರಗಟ್ಟುವ ಸೂಜಿ ಹಾಕಿದೆ. ಅಷ್ಟು ಹೊತ್ತೂ ಅವರು ಹೆಂಡತಿಯ ಕಾಲ ಬಳಿ ಕೂತು ಆ ಮದುವೆಯನ್ನು ನಡೆಸಿದರು. ಗಿಳಿ ಹಸಿರಿಗೆ ಯಾವ ಸೀರೆ, ಓಲಗದವರು ಎಲ್ಲಿಯವರು, ಎಲೆಯ ಮೇಲೆ ಮೊದಲು ಏನು ಬಡಿಸಬೇಕು. ಒಂದೊಂದಕ್ಕೂ ಆಕೆ ಗಂಟಲಲ್ಲೇ ‘ಹೂಂ’ ಅನ್ನುತ್ತಿದ್ದರು. ಕೆಲಸ ಮುಗಿದಾಗ ಅವರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಆಮೇಲಿನ ಭಾನುವಾರ ಬೇಕರಿಯಲ್ಲಿ ಅವರಾಗಿಯೇ ಹೇಳಿದರು. ಹೆಂಡತಿಯ ತವರುಮನೆ ಇದ್ದದ್ದು ಚಿಕ್ಕಜಾಲದಲ್ಲಿ. ಸಂಜೆಯಾದರೆ ತವರಿಗೆ ಹೊರಡುತ್ತಾಳೆ. ಅವ್ವ ಕಾಯುತ್ತಿದ್ದಾಳೆ ಅನ್ನುತ್ತಾಳೆ. “ನಿಮ್ಮವ್ವ ಸತ್ತೋಗವ್ಳೆ ಕಣೇ ಅಂತ ನಾನು ಅಂತಿದ್ದೆ. ಇರೋ ವಿಷ್ಯ ಏಳ್ಬೇಕಲ್ಲ? ಏಳ್ದಾಗೆಲ್ಲ ಅದೇ ಆಗ ಸುದ್ದಿ ಬಂದಂಗೆ ಎದೆ ಎದೆ ಬಡ್ಕಂಡು ಅಳೋಳು. ಮಾರ್ನೆ ದಿನ ಮತ್ತೆ ಕೇಳೋಳು. ನಾನು ಮತ್ತೆ ಏಳ್ತಿದ್ದೆ.” ಟೀ ಆರುತ್ತಿತ್ತು. “ಪಾರ್ಟಲ್ಲಿ ಎಷ್ಟು ಎಚ್ಚುಕಮ್ಮಿ ಇದ್ರೆ ಒಪ್ಕಬೋದು ಅಂತ ಫ್ಯಾಕ್ಟ್ರೀಲಿ ಒಂದ್ ಅಳ್ತೆ ಕೊಟ್ಟಿರೋರು. ಮನೇಲಿ ನಾನು ಅಷ್ಟನ್ನೂ ಮಡ್ಗಿರ್ಲಿಲ್ಲ ಡಾಕ್ಟ್ರಮ್ಮ.”

“ಈಗ?”

“ಈಗ ಔದು ಓಗಾನ ಅಂತೀನಿ. ಬರಿಗೈಲಿ ಎಂಗೋಗಾದು, ಏನ್ ತಗಂಡೋಗಾನ ಅಂತೀನಿ. ಅವ್ಳು ಏಳ್ತಾಳೆ. ಕಡ್ಲೆಕಾಯಿ, ಎಲೆ ಅಡ್ಕೆ, ತಮ್ಮಂಗೆ ಬುಗುರಿ. ಏಳ್ತಾ ಏಳ್ತಾ ಓಗೋದು ಮರ್ತೋಗ್ತದೆ. ಕೆಲವು ದಿವ್ಸ ಮರೆಯಲ್ಲ. ಆಗ ಕೈ ಇಡ್ಕಂಡು ಬೀದಿ ಸುತ್ತಿ ಬತ್ತೀವಿ.”

ಮಗ ಸೊಸೆ ಅದೇ ಮನೆಯ ಮೇಲಿನ ಮಹಡಿಯಲ್ಲಿದ್ದರು. ತಾಯಿಯನ್ನು ನೋಡಿಕೊಳ್ಳುವುದರಲ್ಲಿ ಅವರದೂ ಪಾಲಿತ್ತು. ಆದರೆ ಮಗನಿಗೆ ಅಪ್ಪನ ಈ ಹೊಸ ವರಸೆ ಹಿಡಿಸಲಿಲ್ಲ. “ಏನಪ್ಪಾ ಇದು, ಅಮ್ಮನ ಜೊತೆ ನಾಟಕ ಆಡ್ತೀಯಾ? ಸುಳ್ಳು ಹೇಳ್ತೀಯಾ?” ಎಂದು ಜಗಳವಾಡಿದನಂತೆ. ಆ ಮಾತು ಅವರನ್ನು ಚುಚ್ಚಿತ್ತು. ಸುಳ್ಳು ಹೇಳಿದವರೆಂದು ಅವರನ್ನು ಯಾರೂ ಅದುವರೆಗೆ ಕರೆದಿರಲಿಲ್ಲ. ತರಗತಿಯಲ್ಲೇ ನಿಧಿಯನ್ನು ಕೇಳಿದರು. ಅವಳು ಪ್ರಾಮಾಣಿಕವಾಗಿ, “ಇಲ್ಲಿ ಆಡೋ ಇಬ್ರಿಗೂ ಇದು ಆಟ ಅಂತ ಗೊತ್ತಿರುತ್ತೆ ಸಾರ್. ಅವರಿಗೆ ಗೊತ್ತಿಲ್ಲ. ನಂಗೆ ನಿಜ್ವಾಗ್ಲೂ ಉತ್ತರ ಗೊತ್ತಿಲ್ಲ,” ಎಂದಳು. ಆ ವಯಸ್ಸಿಗೆ ಅದು ದೊಡ್ಡ ಮಾತು ಎಂದು ನನಗನ್ನಿಸಿತು.

ಅವರು ಕೆಲವು ವಾರ ಅದನ್ನೇ ಮೆಲುಕು ಹಾಕುತ್ತಿದ್ದರು. ಒಂದು ದಿನ ಕುರ್ಚಿ ಜೋಡಿಸುತ್ತ, ಯಾರೂ ಕೇಳದಿದ್ದರೂ, “ಸುಳ್ಳೇ ಅಂತ್ಲೇ ಮಡಿಕ್ಕಳಿ. ದಿನಾ ಅವ್ರವ್ವನ್ನ ಸಾಯ್ಸೋದಕ್ಕಿಂತ ವಾಸಿ,” ಎಂದರು. ಆಮೇಲೆ ಆ ವಿಷಯ ಎತ್ತಲಿಲ್ಲ.

ಆ ವರ್ಷದ ತರಗತಿ ಮುಗಿಯುವಾಗ ಮನೆಯವರನ್ನೆಲ್ಲ ಕರೆದು ಅದೇ ಹಾಲಿನಲ್ಲಿ ಒಂದು ಪ್ರದರ್ಶನ ಕೊಟ್ಟೆವು. ಅವರು ಹೆಂಡತಿಯನ್ನು ಕರೆತಂದು ಮೊದಲ ಸಾಲಿನಲ್ಲಿ, ತಾವೇ ಅಲ್ಲಾಡಿಸಿ ನೋಡಿದ ಕುರ್ಚಿಯಲ್ಲಿ ಕೂರಿಸಿದರು. ನನ್ನ ಸರದಿ ಮೊದಲೇ ಮುಗಿದಿದ್ದರಿಂದ ಆಕೆಯ ಪಕ್ಕ ನಾನು ಕೂತೆ. ಮಗನೂ ಬಂದಿದ್ದ, ಹಿಂದೆ ಗೋಡೆಗೆ ಒರಗಿ ಕೈಕಟ್ಟಿ ನಿಂತಿದ್ದ.

ನೋಡುವವರಿಂದ ಒಂದು ವಿಷಯ ಕೇಳಿ ಆಡುವುದು ಕ್ರಮ. ಯಾರೋ “ವಧುಪರೀಕ್ಷೆ!” ಎಂದು ಕೂಗಿದರು. ಫರ್ಹಾನ್ ಥಟ್ಟನೆ ಗಂಡಿನ ತಂದೆಯಾಗಿ ಮೀಸೆ ತಿರುವಿ ಕೂತ. ಇನ್‌ಸ್ಪೆಕ್ಟರ್ ಸಾರ್ ಕಡೆ ಕೈ ತೋರಿಸಿ, “ಹುಡುಗಿ ಬಂದಳು, ನೋಡ್ರಪ್ಪ,” ಎಂದ. ಎಪ್ಪತ್ತರ ಹತ್ತಿರದ ಆ ಮನುಷ್ಯ, ಇಸ್ತ್ರಿ ಪ್ಯಾಂಟಿನಲ್ಲಿ, ಒಂದು ಕ್ಷಣವೂ ತಡೆಯದೆ ತಲೆ ತಗ್ಗಿಸಿ, ಇಲ್ಲದ ಸೆರಗನ್ನು ಹೊದ್ದು, ಕಾಫಿ ತಟ್ಟೆ ಹಿಡಿದು ನಡೆದು ಬಂದರು. ಕಾಫಿ ಕೊಟ್ಟರು. ಫರ್ಹಾನ್ ಕುಡಿದು, “ಸಕ್ರೆ ಕಮ್ಮಿ ಆಯ್ತು,” ಎಂದ. ಹುಡುಗಿ ನಿಧಾನವಾಗಿ ತಲೆ ಎತ್ತಿ, ಮಾವನಾಗುವವನನ್ನು ಮೇಲಿಂದ ಕೆಳಗೆ ನೋಡಿ, “ಔದು. ಗಂಡಲ್ಲೂ ಒಸಿ ಕಮ್ಮಿ ಐತೆ. ಎರಡೂ ಸರಿ ಓಯ್ತದೆ,” ಎಂದಳು.

ಹಾಲಿನ ಚಾವಣಿ ಹಾರಿಹೋಗುವಂತೆ ನಗು. ನನ್ನ ಪಕ್ಕದಲ್ಲಿದ್ದ ಆಕೆಯೂ ಬಾಯಿಗೆ ಸೆರಗು ಹಿಡಿದು ನಕ್ಕರು. ನಗುತ್ತಲೇ ನನ್ನ ತೋಳು ತಟ್ಟಿ ಕೇಳಿದರು.

“ಯಾರವ್ವ ಆ ಮುದುಕ? ಬೋ ಚೆಂದಾಗಿ ಮಾಡ್ತಾನೆ.”

“ಇಷ್ಟ ಆಯ್ತಾಮ್ಮ?” ಎಂದೆ.

“ಊಂ. ನಮ್ಮನೆಯವ್ರಿಗೆ ಇಂತದೆಲ್ಲ ಬರಾಕಿಲ್ಲ. ಅವ್ರು ನಗೋದೇ ಇಲ್ಲ.” ನನ್ನ ಕಿವಿಗೆ ಬಗ್ಗಿ ಗುಟ್ಟಿನಂತೆ ಹೇಳಿದರು, “ಆದ್ರೂ ಒಳ್ಳೇರು. ಅವ್ರನ್ನೂ ಕರ್ಕಂಬರ್ಬೇಕಾಗಿತ್ತು.”

ಪ್ರದರ್ಶನ ಮುಗಿದ ಮೇಲೆ ಇನ್‌ಸ್ಪೆಕ್ಟರ್ ಸಾರ್ ನೇರ ನನ್ನ ಬಳಿ ಬಂದರು. “ನಿಮ್ ಕಿವೀಲಿ ಏನೋ ಏಳ್ತಿದ್ಲು. ಏನಂದ್ಲು?” ಹೇಳಿದೆ. ಒಂದು ಪದವನ್ನೂ ಬಿಡದೆ ಹೇಳಿದೆ. ಅವರು ಕಿಟಕಿಯ ಕಡೆ ನೋಡುತ್ತ ಕೇಳಿಸಿಕೊಂಡರು.

“ಇನ್ನೊಂದ್ಸಲ ಏಳಿ,” ಎಂದರು.

ಇನ್ನೊಮ್ಮೆ ಹೇಳಿದೆ. ಅಷ್ಟರಲ್ಲಿ ಮಗ ಬಂದು ಅಪ್ಪನ ಕೈಯಲ್ಲಿದ್ದ ಚೀಲ ತೆಗೆದುಕೊಂಡ. ಮೂವರೂ ಮೆಟ್ಟಿಲಿಳಿದು ಹೋದರು.

ಮುಂದಿನ ಚಳಿಗಾಲದಲ್ಲಿ ಆಕೆ ಎದೆಯಲ್ಲಿ ಕಫ ಕಟ್ಟಿ, ಕೆಲವೇ ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ನಾನು, ನಿಧಿ, ಫರ್ಹಾನ್ ಹೋಗಿದ್ದೆವು. ಅವರು ಬಂದವರಿಗೆಲ್ಲ ಕುರ್ಚಿ ಸಿಕ್ಕಿತೋ ಇಲ್ಲವೋ ಎಂದು ನೋಡುತ್ತಿದ್ದರು. ಆಮೇಲೆ ತರಗತಿಗೂ ಬರಲಿಲ್ಲ. ಬರಲು ಇನ್ನು ಕಾರಣವೂ ಇರಲಿಲ್ಲವಲ್ಲ. ಅವರಿಗೆ ಅದು ಬೇಕಾಗಿದ್ದದ್ದು ಮನೆಗೆ.

ಆದರೆ ಯುಗಾದಿ ಕಳೆದ ಮೇಲೆ ಒಂದು ಭಾನುವಾರ ನಾವು ಹೋಗುವಷ್ಟರಲ್ಲಿ ಕುರ್ಚಿಗಳು ಸಾಲಾಗಿದ್ದವು. ಅವರು ಮೂಲೆಯಲ್ಲಿ ಕೂತಿದ್ದರು. ತೆಳ್ಳಗಾಗಿದ್ದರು. ಅಂಗಿಗೆ ಇಸ್ತ್ರಿ ಇರಲಿಲ್ಲ.

ಅವತ್ತು ಒಬ್ಬಳು ಹೊಸ ಹುಡುಗಿ ಸೇರಿದ್ದಳು. ಕಾಲೇಜಿನವಳು, ಬಾಯಿ ಬಿಟ್ಟರೆ ಕೆಂಪಾಗುವವಳು. ಯಾರ ಕಥೆಯೂ ಅವಳಿಗೆ ಗೊತ್ತಿರಲಿಲ್ಲ. ಇಬ್ಬಿಬ್ಬರನ್ನು ನಿಧಿ ಕರೆಯುತ್ತಿದ್ದಳು. ಅವರು ತಾವಾಗಿ ಎದ್ದು ಆ ಹುಡುಗಿಯ ಎದುರು ನಿಂತರು. ಮೊದಲ ಮಾತು ಅವಳದು. ಅವಳು ಕೈ ಹಿಸುಕಿಕೊಂಡು, ತೋಚಿದ್ದನ್ನು ಆಡಿದಳು.

“ಅಪ್ಪಾ, ಅಮ್ಮ ಒಳಗಡೆಯಿಂದ ಕರೀತಾ ಇದಾಳೆ. ಕೇಳಿಸ್ತಾ ಇಲ್ವಾ?”

ಆಟ ನಿಲ್ಲಿಸಬೇಕೆಂದರೆ ನಿಧಿ ಚಪ್ಪಾಳೆ ತಟ್ಟುವುದು ವಾಡಿಕೆ. ಅವಳ ಎರಡೂ ಕೈ ಮೇಲೆದ್ದವು. ಅವರು ಅವಳ ಕಡೆ ನೋಡಿ ತಲೆಯಾಡಿಸಿದರು, ಬೇಡ ಎಂದು. ಆಮೇಲೆ ಹುಡುಗಿಯ ಕಡೆ ತಿರುಗಿದರು.

“ಇಲ್ಲ ಕಣವ್ವ,” ಎಂದರು. “ಅವ್ಳಿಲ್ಲ. ತೀರ್ಕಂಡ್ಲು.”

ಹುಡುಗಿ ಒಂದು ಕ್ಷಣ ಗಾಬರಿಯಾದಳು. ಅವಳಿಗೆ ಅದು ಆಟದ ಮಾತು. ಆದರೆ ಅವರ ಮುಖದಲ್ಲಿ ಏನನ್ನು ಕಂಡಳೋ, ಅವಳ ದನಿ ಮೆತ್ತಗಾಯಿತು.

“ಹೂಂ ಅಪ್ಪಾ. ನಂಗೂ ಗೊತ್ತು. ಆದ್ರೂ ಕರೆದ ಹಾಗಾಯ್ತು.”

ಅವರು ಅವಳನ್ನೇ ನೋಡಿದರು. ಕಣ್ಣು ತುಂಬಿ ಬಂದು, ಅದನ್ನು ಒರೆಸಿಕೊಳ್ಳುವ ಗೋಜಿಗೂ ಹೋಗದೆ ಕೇಳಿದರು.

“ಔದಾ? ಏನಂತವ್ಳೆ?”

“ಕೈ ತೊಳ್ಕೊಂಡು ಊಟಕ್ಕೆ ಬರ್ಬೇಕಂತೆ.”

ಅವರು ತಮ್ಮ ಅಂಗೈಗಳನ್ನು ನೋಡಿಕೊಂಡರು. ನಿಧಾನವಾಗಿ ನಡೆದು ಹಾಲಿನ ಮೂಲೆಗೆ ಹೋದರು. ಅಲ್ಲಿ ಏನೂ ಇರಲಿಲ್ಲ, ಬರೀ ಗೋಡೆ. ಅಲ್ಲೊಂದು ನಲ್ಲಿ ತಿರುಗಿಸಿದರು. ಸೋಪು ಹಚ್ಚಿ, ಬೆರಳ ಸಂದಿಗಳನ್ನೆಲ್ಲ ಉಜ್ಜಿ, ಮೊಣಕೈವರೆಗೆ ತೊಳೆದರು. ಮುಖಕ್ಕೂ ಒಂದಿಷ್ಟು ನೀರು ಹಾಕಿಕೊಂಡರು. ನಲ್ಲಿ ನಿಲ್ಲಿಸಿದರು, ತೊಟ್ಟಿಕ್ಕುತ್ತಿದೆಯೇ ಎಂದು ಬಗ್ಗಿ ನೋಡಿ ಇನ್ನಷ್ಟು ಬಿಗಿ ಮಾಡಿದರು. ಇಲ್ಲದ ಪಂಚೆಯಲ್ಲಿ ಕೈ ಒರೆಸಿಕೊಂಡು ಬಂದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಪಕ್ಕದ ಜಾಗ ತಟ್ಟಿ ಹುಡುಗಿಯನ್ನೂ ಕೂರಿಸಿಕೊಂಡು, ತಮ್ಮ ಮುಂದಿನ ಬಾಳೆಲೆಯ ಸುತ್ತ ನೀರು ಸುತ್ತಿ, ಮೊದಲ ತುತ್ತು ಕಲಸತೊಡಗಿದರು.

ನಿಧಿ ಚಪ್ಪಾಳೆ ತಟ್ಟಲಿಲ್ಲ. ಅವರ ಊಟ ಮುಗಿಯುವವರೆಗೆ ನಾವೆಲ್ಲ ಕಾದೆವು.